ಪ್ರೋಟಾನಿನ ಸ್ಪಿನ್‌ನಲ್ಲಿ ಗ್ಲುವಾನ್ ಪಾಲೆಷ್ಟು? ಚಾರ್ಮ್ ಕ್ವಾರ್ಕ್ ಹಿಡಿದು ಅಳೆದರೂ ಸೊನ್ನೆಯ ಹತ್ತಿರವೇ ಬಂತಲ್ಲ, ಅದರಿಂದ ಏನು ತಿಳಿಯಿತು?

ಪಿಯು_ಮೇಷ್ಟ್ರು · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಮೊನ್ನೆ ನ್ಯೂಕ್ಲಿಯಸ್ ಪಾಠ ಮುಗಿದ ಮೇಲೆ ಐದು ನಿಮಿಷ ಉಳಿದಿತ್ತು. ಪ್ರೋಟಾನಿನ ಒಳಗೆ ಮೂರು ಕ್ವಾರ್ಕ್ ಇವೆ, ಗ್ಲುವಾನ್‌ಗಳು ಅವನ್ನು ಅಂಟಿಸಿ ಹಿಡಿದಿವೆ ಅಂತ ಹೇಳಿದೆ. ಪ್ರತಿ ಕ್ವಾರ್ಕಿಗೂ ಸ್ಪಿನ್ (ಕಣಕ್ಕೆ ಹುಟ್ಟಿನಿಂದಲೇ ಇರುವ ಕೋನೀಯ ಸಂವೇಗ) ಅರ್ಧ. ಎರಡು ಮೇಲೆ, ಒಂದು ಕೆಳಗೆ, ಕೂಡಿದರೆ ಪ್ರೋಟಾನಿಗೂ ಅರ್ಧ. ಬೋರ್ಡ್ ಮೇಲೆ ಲೆಕ್ಕ ಚೆನ್ನಾಗಿ ಕೂತಿತು.

ಮರುದಿನ ಒಬ್ಬ ಹುಡುಗಿ ಮನೆಯಲ್ಲಿ ಓದಿಕೊಂಡು ಬಂದು ಕೇಳಿದಳು. "ಸರ್, ಕ್ವಾರ್ಕ್‌ಗಳ ಪಾಲು 30% ಮಾತ್ರವಂತೆ. ಉಳಿದದ್ದು ಯಾರದ್ದು?"

ಮೂರು ರಾತ್ರಿ ಓದಿದೆ. 1988ರಲ್ಲಿ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯವಾದ ಸರ್ನ್‌ನ ಇಎಂಸಿ ಪ್ರಯೋಗ ಕ್ವಾರ್ಕ್ ಸ್ಪಿನ್ ಪಾಲು 12% ಅಷ್ಟೇ ಅಂದಾಗ ಎಲ್ಲರೂ ಬೆಚ್ಚಿಬಿದ್ದರಂತೆ. ಈಗಿನ ಅಂಕಿ ಸುಮಾರು 30%. ಉಳಿದದ್ದು ಗ್ಲುವಾನ್‌ಗಳ ಸ್ಪಿನ್ ಇರಬೇಕು, ಇಲ್ಲವೇ ಒಳಗಿನ ಕಣಗಳು ಸುತ್ತುವುದರಿಂದ ಬರಬೇಕು. ಗ್ಲುವಾನ್ ಪಾಲು ಹುಡುಕಲು ಸರ್ನ್‌ನ ಕಾಂಪಾಸ್ ಪ್ರಯೋಗ ಟಾರ್ಗೆಟ್ ಮೇಲೆ ಮ್ಯುವಾನ್ (ಎಲೆಕ್ಟ್ರಾನಿನಂಥದೇ, ಆದರೆ ಭಾರದ ಕಣ) ಹೊಡೆದು, ಹುಟ್ಟುವ ಚಾರ್ಮ್ ಕ್ವಾರ್ಕ್ (ಕ್ವಾರ್ಕಿನ ಒಂದು ಭಾರದ ಬಗೆ) ಬಳಸಿತು. 2002ರಿಂದ 2007ರ ಡೇಟಾ. 2013ರಲ್ಲಿ ಪ್ರಕಟವಾದ ಉತ್ತರ -0.06, ಎರರ್ ±0.21, ಅದರ ಮೇಲೆ ಇನ್ನೊಂದು ±0.08.

ಅಂದರೆ ಗ್ಲುವಾನ್ ಪಾಲು ಮೈನಸ್ 6% ಅಂತಲೇ? ಉತ್ತರಕ್ಕಿಂತ ಎರರ್ ಮೂರು ಪಟ್ಟು ದೊಡ್ಡದಿದ್ದರೆ ಅದನ್ನು ಉತ್ತರ ಅನ್ನಬಹುದಾ? ಅಷ್ಟಕ್ಕೂ ಚಾರ್ಮೇ ಯಾಕೆ ಬೇಕಿತ್ತು? ಮಂಗಳವಾರ ಅವಳಿಗೆ ಹೇಳಬೇಕು. ಸುಮ್ನೆ ಏನೋ ಹೇಳಿ ಕಳಿಸಲು ಮನಸ್ಸಿಲ್ಲ.

ತುಂಗಾತೀರ · ರಾತ್ರಿ 9:52

ಸರ್, ನೇರವಾಗಿ ಹೇಳುತ್ತೇನೆ. ಸೊನ್ನೆಯೂ ಇರಬಹುದು, ಪ್ಲಸ್ಸೂ ಇರಬಹುದು, ಮೈನಸ್ಸೂ ಇರಬಹುದು ಅಂತ ಹೇಳಲು ಅಷ್ಟು ವರ್ಷ, ಅಷ್ಟು ದುಡ್ಡು. ಇದರಿಂದ ಏನೂ ಗೊತ್ತಾಗಲಿಲ್ಲ ಅಂತಲೇ ಅರ್ಥ.

ಬಿಎಸ್ಸಿ_ಮೂರನೇವರ್ಷ · ರಾತ್ರಿ 9:58

ಗ್ಲುವಾನಿಗೆ ಚಾರ್ಜ್ ಇಲ್ಲ ಅಲ್ವಾ? ಮತ್ತೆ ಮ್ಯುವಾನ್ ಹೊಡೆದರೆ ಅದಕ್ಕೆ ತಾಗುವುದು ಹೇಗೆ?

ಚಾರ್ಮ್_ಚಂದ್ರಿ · ರಾತ್ರಿ 10:31

ಬಿಎಸ್ಸಿ ತಮ್ಮ ಕೇಳಿದ್ದೇ ಇಡೀ ಕತೆಯ ಬೀಗದ ಕೈ. ನಾನು ಪಿಎಚ್‌ಡಿ ಮಾಡಿದ್ದು ಇದೇ ಥರದ ಬೇರೆ ಪ್ರಯೋಗದಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮ್ಯುವಾನ್ ಪ್ರೋಟಾನಿನ ಕಡೆ ಒಂದು ಫೋಟಾನ್ ಎಸೆಯುತ್ತದೆ. ಫೋಟಾನ್ ಚಾರ್ಜ್ ಇರುವ ಕಣವನ್ನಷ್ಟೇ ಮುಟ್ಟಬಲ್ಲದು. ಕ್ವಾರ್ಕಿಗೆ ಚಾರ್ಜ್ ಇದೆ, ಗ್ಲುವಾನಿಗೆ ಇಲ್ಲ. ಹಾಗಾಗಿ ಗ್ಲುವಾನ್ ಫೋಟಾನಿನ ಕಣ್ಣಿಗೆ ಬೀಳಲ್ಲ. ಆದರೆ ಗ್ಲುವಾನ್ ಒಂದು ಕ್ವಾರ್ಕ್ ಮತ್ತು ಒಂದು ಆಂಟಿಕ್ವಾರ್ಕ್ ಆಗಿ ಒಡೆಯಬಹುದು. ಆ ಜೋಡಿಯಲ್ಲಿ ಒಂದನ್ನು ಫೋಟಾನ್ ಹಿಡಿಯುತ್ತದೆ. ಇದಕ್ಕೆ ಫೋಟಾನ್-ಗ್ಲುವಾನ್ ಫ್ಯೂಷನ್ ಅನ್ನುತ್ತಾರೆ.

ಈಗ ತೊಡಕು ನೋಡಿ. ಅಪ್ ಅಥವಾ ಡೌನ್ ಕ್ವಾರ್ಕ್ ಜೋಡಿ ಬಂದರೆ ಅದು ಗ್ಲುವಾನಿನಿಂದ ಬಂತೋ, ಮೊದಲೇ ಪ್ರೋಟಾನಿನಲ್ಲಿ ಇತ್ತೋ ಹೇಳುವುದು ಕಷ್ಟ. ಊರ ಜಾತ್ರೆಯಲ್ಲಿ ಬೇರೆ ಊರಿಂದ ಬಂದವರನ್ನು ಹುಡುಕಿದ ಹಾಗೆ. ಚಾರ್ಮ್ ಹಾಗಲ್ಲ. ಅದರ ತೂಕ ಸುಮಾರು 1.27 ಜಿಇವಿ (ಕಣಗಳ ತೂಕ, ಶಕ್ತಿ ಎರಡನ್ನೂ ಅಳೆಯುವ ಮಾನ). ಇಡೀ ಪ್ರೋಟಾನ್ 0.938 ಜಿಇವಿ! ಮಗು ಅಮ್ಮನಿಗಿಂತ ಭಾರ. ಹೀಗಾಗಿ ಪ್ರೋಟಾನಿನೊಳಗೆ ಚಾರ್ಮ್ ಸುಮ್ಮನೆ ಬಿದ್ದಿರುವ ಸಾಧ್ಯತೆ ತೀರಾ ಕಡಿಮೆ. ಡಿಕ್ಕಿಯಲ್ಲಿ ಚಾರ್ಮ್ ಜೋಡಿ ಕಂಡರೆ ಅದು ಬಹುಮಟ್ಟಿಗೆ ಗ್ಲುವಾನಿನಿಂದಲೇ ಹುಟ್ಟಿದ್ದು. ಅದಕ್ಕೇ ಭಾರದ ಕ್ವಾರ್ಕ್ ಬೇಕಿತ್ತು. ತೂಕ ಜಾಸ್ತಿ ಇದ್ದಷ್ಟೂ ಸಿದ್ಧಾಂತದ ಲೆಕ್ಕವೂ ನಂಬುವ ಹಾಗೆ ಬರುತ್ತದೆ.

ಮೇಷ್ಟ್ರೇ, ಒಂದು ತಿದ್ದುಪಡಿ. -0.06 ಅಂದರೆ ಪ್ರೋಟಾನ್ ಸ್ಪಿನ್ನಿನ ಮೈನಸ್ 6% ಅಲ್ಲ. ಪ್ರೋಟಾನಿನ ಒಟ್ಟು ಮೊಮೆಂಟಂನಲ್ಲಿ ಸುಮಾರು 11% ಹೊತ್ತ ಗ್ಲುವಾನ್‌ಗಳನ್ನಷ್ಟೇ ಆರಿಸಿ, ಅವುಗಳಲ್ಲಿ ಪ್ರೋಟಾನಿನ ದಿಕ್ಕಿಗೇ ಸ್ಪಿನ್ ಇರುವವು ಎಷ್ಟು, ಎದುರು ದಿಕ್ಕಿಗೆ ಇರುವವು ಎಷ್ಟು ಅಂತ ಕಳೆದು, ಒಟ್ಟು ಸಂಖ್ಯೆಯಿಂದ ಭಾಗಿಸಿದ ಅಂಕಿ ಅದು. ಇಡೀ ಸ್ಪಿನ್ ಪಾಲು ಬೇಕಾದರೆ ಎಲ್ಲ ಮೊಮೆಂಟಂ ಗ್ಲುವಾನ್‌ಗಳನ್ನೂ ಕೂಡಿಸಬೇಕು.

ಪಿಯು_ಮೇಷ್ಟ್ರು · ರಾತ್ರಿ 10:44

ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಮಂಗಳವಾರ ಕ್ಲಾಸಿನಲ್ಲಿ ತಪ್ಪು ಹೇಳಿಬಿಡುತ್ತಿದ್ದೆ. ಮಗು ಅಮ್ಮನಿಗಿಂತ ಭಾರ ಅನ್ನುವುದನ್ನು ಹಾಗೇ ಹೇಳುತ್ತೇನೆ.

ಸ್ಕ್ಯಾನ್_ರೂಮ್ · ರಾತ್ರಿ 10:50

ನಾನು ಎಂಆರ್‌ಐ ಟೆಕ್ನಿಷಿಯನ್. ದಿನಾ ಕೆಲಸ ಮಾಡುವುದು ಪ್ರೋಟಾನ್ ಸ್ಪಿನ್ ಜೊತೆಗೇ. ಆ ಸ್ಪಿನ್ ಎಲ್ಲಿಂದ ಬರುತ್ತದೆ ಅಂತ ಇನ್ನೂ ಲೆಕ್ಕ ಮುಗಿದಿಲ್ಲ ಅನ್ನುವುದು ಇವತ್ತೇ ಗೊತ್ತಾಗಿದ್ದು. ಒಂದು ಮಾತು ಕೇಳಬೇಕು. ನಮ್ಮ 1.5 ಟೆಸ್ಲಾ ಮ್ಯಾಗ್ನೆಟ್‌ನಲ್ಲಿ 10 ಲಕ್ಷ ಪ್ರೋಟಾನಿಗೆ ಸುಮಾರು 5 ಮಾತ್ರ ಒಂದು ದಿಕ್ಕಿಗೆ ಹೆಚ್ಚಾಗಿ ಇರುತ್ತವೆ ಅಂತ ಟ್ರೇನಿಂಗ್‌ನಲ್ಲಿ ಹೇಳಿದ್ದರು. ಅಷ್ಟರಲ್ಲೇ ಚಿತ್ರ ಬರುತ್ತದೆ. ಆ ಪ್ರಯೋಗದಲ್ಲಿ ಎಷ್ಟು ಸಾಲಾಗಿ ನಿಲ್ಲಿಸಿದ್ದರು?

ಚಾರ್ಮ್_ಚಂದ್ರಿ · ರಾತ್ರಿ 11:15

ನೀವು ಕೇಳಿದ್ದು ನನಗೆ ತುಂಬಾ ಇಷ್ಟವಾದ ಭಾಗ. ಸುಮಾರು 50%! 10 ಲಕ್ಷಕ್ಕೆ 5 ಎಲ್ಲಿ, ನೂರಕ್ಕೆ 50 ಎಲ್ಲಿ.

ಕಾಂಪಾಸ್ ಇದ್ದದ್ದು ಸರ್ನ್‌ನ ಪ್ರೆವೆಸ್ಸಾನ್ ಭಾಗದಲ್ಲಿ, ಫ್ರಾನ್ಸ್ ಗಡಿಯೊಳಗೆ. ಒಮ್ಮೆ ನೋಡಲು ಹೋಗಿದ್ದೆ. ಸುಮಾರು 60 ಮೀಟರ್ ಉದ್ದದ ಡಿಟೆಕ್ಟರ್ ಸಾಲು. ಅದರ ತಲೆಯಲ್ಲಿ ಟಾರ್ಗೆಟ್. ಲಿಥಿಯಂ-6 ಮತ್ತು ಡ್ಯೂಟೀರಿಯಂ ಸೇರಿದ ಉಪ್ಪಿನಂಥ ಹರಳು, ಕೆಲವೇ ಸೆಂಟಿಮೀಟರ್ ಅಗಲದ ಎರಡು ಕೊಳವೆಗಳಲ್ಲಿ, ಒಂದೊಂದೂ 60 ಸೆಂಟಿಮೀಟರ್ ಉದ್ದ. ಸುತ್ತ 2.5 ಟೆಸ್ಲಾ ಮ್ಯಾಗ್ನೆಟ್. ಚಳಿ ಎಷ್ಟು ಅಂದರೆ, ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ಕೂಡ ಮೇಲಿಲ್ಲ. ಆ ಚಳಿಯಲ್ಲಿ ಎಲೆಕ್ಟ್ರಾನ್‌ಗಳು ಸುಲಭವಾಗಿ ಸಾಲಾಗಿ ನಿಲ್ಲುತ್ತವೆ, ನ್ಯೂಕ್ಲಿಯಸ್ ನಿಲ್ಲಲ್ಲ. ಆಗ ಮೈಕ್ರೋವೇವ್ ಬಿಟ್ಟು ಎಲೆಕ್ಟ್ರಾನಿನ ಸಾಲನ್ನು ನ್ಯೂಕ್ಲಿಯಸ್‌ಗೆ ದಾಟಿಸುತ್ತಾರೆ. ದಿನಗಟ್ಟಲೆ ಕಾಯಬೇಕು. ಹಾಲಿಗೆ ಹೆಪ್ಪು ಹಾಕಿ ಕೂತ ಹಾಗೆ, ಅವಸರ ಮಾಡಿದರೆ ಆಗಲ್ಲ.

ಎರಡು ಕೊಳವೆಗಳಲ್ಲಿ ಸ್ಪಿನ್ ಎದುರುಬದುರು ಇಡುತ್ತಾರೆ. ಒಂದೇ ಮ್ಯುವಾನ್ ಬೀಮ್ ಎರಡನ್ನೂ ದಾಟಿ ಹೋಗುತ್ತದೆ. ಎಲ್ಲಿ ಚಾರ್ಮ್ ಹೆಚ್ಚು ಹುಟ್ಟಿತು, ಎಲ್ಲಿ ಕಡಿಮೆ ಅನ್ನುವುದೇ ಅಳತೆ. ಒಂದು ಕೊಳವೆ ಡಿಟೆಕ್ಟರಿಗೆ ಹತ್ತಿರ ಇರುವುದರಿಂದ ಸುಳ್ಳು ವ್ಯತ್ಯಾಸ ಬರಬಾರದಲ್ಲ, ಅದಕ್ಕೆ ಆಗಾಗ ಮ್ಯಾಗ್ನೆಟ್ ದಿಕ್ಕು ತಿರುಗಿಸಿ ಸ್ಪಿನ್ ಅದಲುಬದಲು ಮಾಡುತ್ತಿದ್ದರು.

ಸ್ಕ್ಯಾನ್_ರೂಮ್ · ರಾತ್ರಿ 11:19

ನಮಗೆ ಮ್ಯಾಗ್ನೆಟ್ ಒಮ್ಮೆ ಕ್ವೆಂಚ್ ಆಗಿ ಹೀಲಿಯಂ ಎಲ್ಲಾ ಹೋದಾಗ ವಾರಗಟ್ಟಲೆ ಕೆಲಸ ನಿಂತಿತ್ತು. ಇವರು ದಿನವೂ ಫೀಲ್ಡ್ ತಿರುಗಿಸುತ್ತಿದ್ದರು ಅಂದರೆ ಆ ಟಾರ್ಗೆಟ್ ತಂಡಕ್ಕೆ ಕೈ ಮುಗಿಯಬೇಕು.

ತುಂಗಾತೀರ · ಸೋಮವಾರ ಬೆಳಗ್ಗೆ 7:05

ಉಪಕರಣ ಅದ್ಭುತ, ಒಪ್ಪಿದೆ. ನನ್ನ ಪ್ರಶ್ನೆ ಅಲ್ಲೇ ಇದೆ. ಇಷ್ಟೆಲ್ಲಾ ಮಾಡಿ ±0.21 ಯಾಕೆ ಬಂತು?

ನಿಧಾನ_ಪಯಾನ್ · ಸೋಮವಾರ ಬೆಳಗ್ಗೆ 8:20

ತುಂಗಾತೀರ ಸರ್, ಕೂಡಿ ಕಳೆದು ನೋಡೋಣ ಬನ್ನಿ.

ಬೀಮ್‌ನ ಮ್ಯುವಾನ್‌ಗಳಲ್ಲಿ ಸುಮಾರು 80% ಪೋಲರೈಸ್ ಆಗಿರುತ್ತವೆ, ಅಂದರೆ ಸ್ಪಿನ್ ಒಂದೇ ದಿಕ್ಕಿಗೆ ಸಾಲಾಗಿರುತ್ತದೆ. (ಇದು ಪ್ರಕೃತಿ ಪುಕ್ಕಟೆ ಕೊಟ್ಟದ್ದು. ಪಯಾನ್ ಒಡೆದು ಮ್ಯುವಾನ್ ಆಗುವಾಗ ತಾನಾಗಿಯೇ ಸ್ಪಿನ್ ಒಂದು ದಿಕ್ಕಿಗೆ ಬರುತ್ತದೆ.) ಟಾರ್ಗೆಟ್‌ನಲ್ಲಿ 50%. ಅದೂ ಟಾರ್ಗೆಟ್‌ನಲ್ಲಿ ಪೋಲರೈಸ್ ಮಾಡಲು ಬರುವ ಭಾಗ ಸುಮಾರು 40% ಮಾತ್ರ, ಉಳಿದದ್ದು ಸುಮ್ಮನೆ ತೂಕ. 0.8 × 0.5 × 0.4 = 0.16. ಅಂದರೆ ನಿಜವಾದ ವ್ಯತ್ಯಾಸ 100 ಇದ್ದರೆ ನಿಮ್ಮ ಕೈಗೆ ಕಾಣುವುದು 16. ನಿಜಕ್ಕೆ ವಾಪಸ್ ಹೋಗಲು ಆರು ಪಟ್ಟು ಹಿಗ್ಗಿಸಬೇಕು. ಹಿಗ್ಗಿಸಿದರೆ ಎರರ್ ಕೂಡ ಆರು ಪಟ್ಟು ಹಿಗ್ಗುತ್ತದೆ.

ಇನ್ನು ಚಾರ್ಮ್ ಗುರುತು ಹಿಡಿಯುವ ಕಷ್ಟ. ಚಾರ್ಮ್ ಕ್ವಾರ್ಕ್ ಒಂಟಿಯಾಗಿ ಸಿಗಲ್ಲ. ಅದು ಒಂದು ಹಗುರ ಆಂಟಿಕ್ವಾರ್ಕ್ ಜೊತೆ ಸೇರಿ ಡಿ ಮೆಸಾನ್ ಅನ್ನುವ ಕಣ ಆಗುತ್ತದೆ, ಡಿ-ಝೀರೋ ಅದರ ಒಂದು ಬಗೆ. ಡಿ-ಝೀರೋ ಒಡೆದು ಒಂದು ಕೇಆನ್, ಒಂದು ಪಯಾನ್ (ಎರಡೂ ಇನ್ನೂ ಹಗುರ ಕಣಗಳು) ಆಗುವುದು ನೂರಕ್ಕೆ ಸುಮಾರು 4 ಸಲ. ಉಳಿದ 96 ಬಾರಿ ಬೇರೆ ದಾರಿ. ಅಷ್ಟರಲ್ಲೇ ಡಿ-ಝೀರೋ ಹುಡುಕಬೇಕು. ಸಾಮಾನ್ಯ ಕೇಆನ್-ಪಯಾನ್ ಜೋಡಿಗಳು ರಾಶಿ ರಾಶಿ ಇರುತ್ತವೆ. ರಾಗಿ ರಾಶಿಯಲ್ಲಿ ಸಾಸಿವೆ ಆರಿಸಿದ ಹಾಗೆ. ಬೀಮ್ ಕಡಿಮೆಯೇನೂ ಇರಲಿಲ್ಲ, ಒಂದೊಂದು ಬಾರಿ 4.8 ಸೆಕೆಂಡಿಗೆ 20 ಕೋಟಿ ಮ್ಯುವಾನ್. ಆದರೂ ಕೊನೆಗೆ ಕೈಗೆ ಬಂದ ಚಾರ್ಮ್ ಸಣ್ಣ ಹಿಡಿ.

ಬಿಎಸ್ಸಿ_ಮೂರನೇವರ್ಷ · ಬೆಳಗ್ಗೆ 8:41

ಡಿ-ಝೀರೋ ಒಡೆಯುವ ಮುಂಚೆ ಸ್ವಲ್ಪ ದೂರ ಹೋಗುತ್ತೆ ಅಲ್ವಾ? ಆ ಜಾಗ ನೋಡಿ ಗುರುತು ಹಿಡಿಯಬಹುದಿತ್ತಲ್ಲ?

ನಿಧಾನ_ಪಯಾನ್ · ಬೆಳಗ್ಗೆ 9:02

ಶಹಬ್ಬಾಸ್. ಎಲ್ಲರೂ ಹಾಗೇ ಮಾಡುತ್ತಾರೆ, ಕಾಂಪಾಸ್ ಮಾಡಲು ಆಗಲಿಲ್ಲ. ಕಾರಣ ಟಾರ್ಗೆಟ್. ಒಟ್ಟು ಒಂದು ಮೀಟರಿಗಿಂತ ಉದ್ದದ ಗಟ್ಟಿ ಹರಳು. ಒಳಗೆ ಹುಟ್ಟಿದ ಕಣ ಹೊರಗೆ ಬರುವಷ್ಟರಲ್ಲಿ ಅಲ್ಲಲ್ಲಿ ತಾಗಿ ದಾರಿ ಸ್ವಲ್ಪ ಸೊಟ್ಟಗಾಗುತ್ತದೆ. ಒಡೆದ ಜಾಗ ಮಸುಕಾಗುತ್ತದೆ.

ಅವರು ಕಂಡುಕೊಂಡ ಉಪಾಯ ಚೆಂದ. ಡಿ-ಸ್ಟಾರ್ ಅನ್ನುವ ಸ್ವಲ್ಪ ಭಾರದ ಅಣ್ಣ ಇದ್ದಾನೆ. ಅವನು ಡಿ-ಝೀರೋ ಮತ್ತು ಒಂದು ಪಯಾನ್ ಆಗಿ ಒಡೆಯುತ್ತಾನೆ. ಡಿ-ಸ್ಟಾರ್, ಡಿ-ಝೀರೋ ಇಬ್ಬರ ತೂಕದ ವ್ಯತ್ಯಾಸ 145.4 ಎಂಇವಿ (ಜಿಇವಿಯ ಸಾವಿರದಲ್ಲೊಂದು ಭಾಗ). ಪಯಾನಿನ ತೂಕವೇ 139.6. ಜೇಬಲ್ಲಿ 145 ರೂಪಾಯಿ, ಟಿಕೆಟ್ಟಿಗೇ 139 ಹೋಯಿತು, ಓಡಾಡಲು ಉಳಿದದ್ದು 6 ರೂಪಾಯಿಗಿಂತ ಕಡಿಮೆ. ಹಾಗಾಗಿ ಆ ಪಯಾನ್ ಡಿ-ಝೀರೋ ಪಕ್ಕದಲ್ಲೇ ನಿಧಾನವಾಗಿ ಹೋಗುತ್ತದೆ. ಆ ನಿಧಾನದ ಪಯಾನ್ ಜೊತೆಗೆ ಕಂಡರೆ ಬಹುತೇಕ ಖಚಿತ, ಇದು ಚಾರ್ಮೇ. ಹಿನ್ನೆಲೆಯ ಗದ್ದಲ ಗಣನೀಯವಾಗಿ ಇಳಿಯುತ್ತದೆ. ನನ್ನ ಈ ಹೆಸರು ಬಂದದ್ದೂ ಅಲ್ಲಿಂದಲೇ.

ಅಂಟುಪದ · ಬೆಳಗ್ಗೆ 9:30

ವಿಷಯ ಸ್ವಲ್ಪ ಬೇರೆ. ಗ್ಲುವಾನಿಗೆ ಕನ್ನಡದಲ್ಲಿ "ಅಂಟುಕಣ" ಅನ್ನೋಣವೇ? ಇಂಗ್ಲಿಷಿನಲ್ಲೂ ಅದು ಅಂಟು ಅನ್ನುವ ಪದದಿಂದಲೇ ಬಂದದ್ದು. ಸ್ಪಿನ್‌ಗೆ "ಗಿರಕಿ".

ಪಿಯು_ಮೇಷ್ಟ್ರು · ಬೆಳಗ್ಗೆ 9:44

ಅಂಟುಕಣ ಚೆನ್ನಾಗಿದೆ, ಕ್ಲಾಸಿನಲ್ಲಿ ಒಮ್ಮೆ ಹೇಳುತ್ತೇನೆ. ಗಿರಕಿ ಬೇಡ ಅನಿಸುತ್ತದೆ. ಗಿರಕಿ ಅಂದರೆ ಮಕ್ಕಳ ಕಣ್ಣ ಮುಂದೆ ಬುಗುರಿ ಬರುತ್ತದೆ. ಪ್ರೋಟಾನ್ ಬುಗುರಿಯ ಹಾಗೆ ಸುತ್ತುತ್ತಿಲ್ಲ.

ಅಂಟುಪದ · ಬೆಳಗ್ಗೆ 9:51

ಸ್ಪಿನ್ ಅಂದರೂ ಇಂಗ್ಲಿಷ್ ಮಕ್ಕಳಿಗೆ ಬುಗುರಿಯೇ ಬರುವುದು. ಅವರಿಗೆ ಆ ಪದ ನಡೆಯುತ್ತದೆ, ನಮಗೆ ಯಾಕೆ ನಡೆಯಬಾರದು? ಪದ ಬಳಸುತ್ತಾ ಅರ್ಥ ತುಂಬಿಕೊಳ್ಳುತ್ತದೆ.

ಚಾರ್ಮ್_ಚಂದ್ರಿ · ಬೆಳಗ್ಗೆ 10:10

ಅಂಟುಪದ ಅವರ ಮಾತಿನಲ್ಲಿ ಹುರುಳಿದೆ. ಆದರೂ ಒಂದು ಕಾರಣಕ್ಕೆ ನಾನೂ ಸ್ಪಿನ್ ಅಂತಲೇ ಬಳಸುತ್ತೇನೆ. ಇಲ್ಲಿ ಒಳಗಿನ ಕಣಗಳ ಸುತ್ತಾಟ ಬೇರೆ, ಅವುಗಳ ಸ್ವಂತ ಸ್ಪಿನ್ ಬೇರೆ. ಎರಡಕ್ಕೂ ಗಿರಕಿ ಅಂದರೆ ಗೊಂದಲ. ಇಡೀ ಚರ್ಚೆಯೇ ಆ ಎರಡರ ಪಾಲು ಬೇರೆ ಮಾಡುವುದು.

ತುಂಗಾತೀರ · ಮಧ್ಯಾಹ್ನ 1:15

ಎರರ್ ಯಾಕೆ ದೊಡ್ಡದು ಅಂತ ಈಗ ಅರ್ಥವಾಯಿತು. ಆದರೆ ದೊಡ್ಡದಾದ ಮೇಲೆ ಅದರಿಂದ ಪ್ರಯೋಜನ ಏನು ಅಂತ ಇನ್ನೂ ಯಾರೂ ಹೇಳಿಲ್ಲ.

ಚಾರ್ಮ್_ಚಂದ್ರಿ · ಮಧ್ಯಾಹ್ನ 2:40

ಹೇಳುತ್ತೇನೆ. ಇದಕ್ಕೆ 1988ಕ್ಕೆ ವಾಪಸ್ ಹೋಗಬೇಕು.

ಇಎಂಸಿ ಉತ್ತರ ಬಂದ ಕೂಡಲೇ ಕೆಲವು ದೊಡ್ಡ ಸಿದ್ಧಾಂತಿಗಳು ಒಂದು ದಾರಿ ತೋರಿಸಿದರು. ಕ್ವಾರ್ಕ್ ಪಾಲು ನಿಜವಾಗಿ ಕಡಿಮೆ ಇಲ್ಲ, ಗ್ಲುವಾನ್‌ಗಳು ಅದನ್ನು ಮರೆಮಾಡುತ್ತಿವೆ. ಅಳತೆಯಲ್ಲಿ ಸಿಗುವುದು ಕ್ವಾರ್ಕ್ ಪಾಲಿನಿಂದ ಗ್ಲುವಾನ್ ಪಾಲಿನ ಒಂದು ತುಣುಕು ಕಳೆದದ್ದು ಅಂತ ಅವರ ವಾದ. ಲೆಕ್ಕದ ದೃಷ್ಟಿಯಿಂದ ಅದು ಸರಿಯಾದ ಮಾತು. ಆದರೆ ಆ ದಾರಿ ಕೆಲಸ ಮಾಡಬೇಕಾದರೆ ಗ್ಲುವಾನ್‌ಗಳ ಒಟ್ಟು ಸ್ಪಿನ್ 2ಕ್ಕಿಂತ ಜಾಸ್ತಿ ಇರಬೇಕಿತ್ತು. ಇಡೀ ಪ್ರೋಟಾನಿನ ಸ್ಪಿನ್ ಅರ್ಧ, ಒಳಗಿನ ಗ್ಲುವಾನಿನದು ಅದರ ನಾಲ್ಕೈದು ಪಟ್ಟು! ಅದನ್ನು ಸರಿದೂಗಿಸಲು ಎದುರು ದಿಕ್ಕಿಗೆ ಅಷ್ಟೇ ದೊಡ್ಡ ಸುತ್ತಾಟ ಬೇಕು. ವಿಚಿತ್ರ ಅನಿಸಿದರೂ ಹತ್ತು ಹನ್ನೆರಡು ವರ್ಷ ಜನ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದರು. ಕಾಂಪಾಸ್ ಕಟ್ಟಲು ಇದೂ ಒಂದು ದೊಡ್ಡ ಕಾರಣ.

ಹಾಗೆ ಇದ್ದಿದ್ದರೆ ಚಾರ್ಮ್ ಅಳತೆಯಲ್ಲಿ ದೊಡ್ಡ ಪ್ಲಸ್ ಅಂಕಿ ಕಾಣಬೇಕಿತ್ತು. ಕಾಣಲಿಲ್ಲ. ಅಂಕಿ ಸೊನ್ನೆಯ ಅಕ್ಕಪಕ್ಕವೇ ಕೂತಿತು. ±0.21 ಎಷ್ಟು ಅಗಲ ಇದ್ದರೂ ಆ ದೊಡ್ಡ ಗ್ಲುವಾನ್ ಕಲ್ಪನೆ ಅದರೊಳಗೆ ಹಿಡಿಯಲ್ಲ. ಕಾಂಪಾಸ್‌ನ ಬೇರೆ ಅಳತೆಗಳೂ ಅಮೆರಿಕದ ರಿಕ್ ಅನ್ನುವ ಕಣ ಡಿಕ್ಕಿ ಯಂತ್ರದ ಅಳತೆಗಳೂ ಅದನ್ನೇ ಹೇಳಿದವು. ಆಗ ಆ ದಾರಿ ಮುಚ್ಚಿತು. ಕ್ವಾರ್ಕ್ ಪಾಲು ನಿಜಕ್ಕೂ ಕಡಿಮೆಯೇ ಅಂತ ಒಪ್ಪಬೇಕಾಯಿತು.

ಬಾವಿಗೆ ಗಡಿಗೆ ಇಳಿಸಿ ನೀರಿಲ್ಲ ಅಂತ ಗೊತ್ತಾದರೆ, ಮಾರನೇ ದಿನ ಇನ್ನೊಂದು ಕಡೆ ತೋಡಲು ಹೋಗುತ್ತೇವೆ. ಅದು ದಂಡ ಅಲ್ಲ. ಈ ಕೆಲಸ ಮಾಡಿದವರ ಬಗ್ಗೆ ನನಗೆ ನಿಜವಾಗಿಯೂ ಗೌರವ ಇದೆ.

ತುಂಗಾತೀರ · ಮಧ್ಯಾಹ್ನ 3:02

ಇದು ನನಗೆ ಗೊತ್ತಿರಲಿಲ್ಲ. ನಿನ್ನೆಯ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಯಾವ ಪ್ರಶ್ನೆಗೆ ಉತ್ತರ ಅಂತ ಗೊತ್ತಿಲ್ಲದೆ ಉತ್ತರವನ್ನು ಅಳೆದೆ.

ಕಾರವಾರ_ಕಡಲು · ಸಂಜೆ 5:20

ಚಾರ್ಮ್ ಪ್ರೋಟಾನಿನಲ್ಲಿ ಇಲ್ಲ ಅಂತ ಮೇಲೆ ಬರೆದಿದ್ದೀರಿ. 2022ರಲ್ಲಿ ಇದೆ ಅಂತ ನೇಚರ್‌ನಲ್ಲಿ ಬಂದಿತ್ತಲ್ಲ? ಹಾಗಾದರೆ ಅಡಿಪಾಯವೇ ಅಲುಗಾಡಿತು ಅಲ್ವಾ?

ನಿಧಾನ_ಪಯಾನ್ · ಸಂಜೆ 6:05

ಒಳ್ಳೆಯ ಹಿಡಿತ. ಅದು ಎನ್‌ಎನ್‌ಪಿಡಿಎಫ್ ತಂಡದ ಕೆಲಸ. ಪ್ರೋಟಾನಿನಲ್ಲೇ ಹುಟ್ಟಿನಿಂದ ಸ್ವಲ್ಪ ಚಾರ್ಮ್ ಇದೆ ಅನ್ನಲು ಮೂರು ಸಿಗ್ಮಾ ಮಟ್ಟದ ಸುಳಿವು (ಗಟ್ಟಿ ಸುಳಿವು, ಪೂರ್ತಿ ಪುರಾವೆ ಅಲ್ಲ) ಅಂದರು. ಅದರ ಬಗ್ಗೆ ಇನ್ನೂ ಜಗಳ ಇದೆ, ಎಲ್ಲರೂ ಒಪ್ಪಿಲ್ಲ. ಇದ್ದರೂ ಅದು ಹೊರುವ ಮೊಮೆಂಟಂ 1%ಗಿಂತ ಕಡಿಮೆ, ಅದೂ ಒಂದೊಂದು ಚಾರ್ಮ್ ತುಂಬಾ ದೊಡ್ಡ ಪಾಲು ಹೊತ್ತಿರುವ ಕಡೆ. ಕಾಂಪಾಸ್ ನೋಡಿದ್ದು ಮೊಮೆಂಟಂ ಪಾಲು ಸುಮಾರು 0.1 ಇರುವ ಜಾಗದಲ್ಲಿ. ಅಲ್ಲಿ ಫ್ಯೂಷನ್‌ನದೇ ಕಾರುಬಾರು. ಅಡಿಪಾಯ ಅಲುಗಾಡಿಲ್ಲ.

ಕಾರವಾರ_ಕಡಲು · ಸಂಜೆ 6:11

ಸರಿ, ಒಪ್ಪಿದೆ. ಹಾಗಾದರೆ ಇವತ್ತಿಗೆ ಗ್ಲುವಾನ್ ಪಾಲು ಎಷ್ಟು ಅಂತ ಬರೆಯಬೇಕು ಮೇಷ್ಟ್ರು?

ನಿಧಾನ_ಪಯಾನ್ · ಸಂಜೆ 6:48

ಇದಕ್ಕೆ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ಗೆ ಹೋಗಬೇಕು. ಬ್ರೂಕ್‌ಹೇವನ್ ಲ್ಯಾಬಿನ ರಿಕ್ ಯಂತ್ರದಲ್ಲಿ ಸ್ಪಿನ್ ಸಾಲಾಗಿಸಿದ ಪ್ರೋಟಾನ್‌ಗಳನ್ನೇ ಎದುರುಬದುರು ಡಿಕ್ಕಿ ಹೊಡೆಸುತ್ತಿದ್ದರು. ಅಲ್ಲಿ ಗ್ಲುವಾನ್ ನೇರವಾಗಿ ಡಿಕ್ಕಿಯಲ್ಲಿ ಭಾಗವಹಿಸುತ್ತದೆ. ಸ್ಟಾರ್ ತಂಡದ 2009ರ ಜೆಟ್ (ಡಿಕ್ಕಿಯಿಂದ ಒಂದೇ ಕಡೆ ಚಿಮ್ಮುವ ಕಣಗಳ ಗುಂಪು) ಡೇಟಾ ಬಂದ ಮೇಲೆ ಮೊದಲ ಸಲ ಸ್ಪಷ್ಟ ಪ್ಲಸ್ ಕಂಡಿತು. 2014ರ ಒಂದು ಒಟ್ಟಾರೆ ಲೆಕ್ಕದಲ್ಲಿ, ಮೊಮೆಂಟಂ ಪಾಲು 0.05ಕ್ಕಿಂತ ಜಾಸ್ತಿ ಇರುವ ಗ್ಲುವಾನ್‌ಗಳದ್ದಷ್ಟೇ ಕೂಡಿದರೆ ಸುಮಾರು 0.20. ಕಾಂಪಾಸ್ ಕೂಡ 2017ರಲ್ಲಿ ಚಾರ್ಮ್ ಬಿಟ್ಟು ಬೇರೆ ಕಣಗಳಿಂದ ಅಳೆದಾಗ, ಆ -0.06 ಇದ್ದ ಜಾಗದಲ್ಲಿ 0.11 ಬಂತು, ಎರರ್ ಚಾರ್ಮ್ ಅಳತೆಯದಕ್ಕಿಂತ ತುಂಬಾ ಚಿಕ್ಕದು.

ಬೋರ್ಡಿಗೆ ಬೇಕಾದರೆ ಒರಟು ಲೆಕ್ಕ: ಬೇಕಾದದ್ದು 0.5. ಕ್ವಾರ್ಕ್ ಸ್ಪಿನ್ 0.15. ಗ್ಲುವಾನ್ 0.20. ಉಳಿದ 0.15 ಸುತ್ತಾಟದಿಂದ ಮತ್ತು ಇನ್ನೂ ಅಳೆಯದ ಸಣ್ಣ ಪಾಲಿನ ಗ್ಲುವಾನ್‌ಗಳಿಂದ.

ಚಾರ್ಮ್_ಚಂದ್ರಿ · ಸಂಜೆ 7:30

ನಿಧಾನಣ್ಣ, ಇಲ್ಲಿ ನಾನು ಜಗಳ ತೆಗೆಯಲೇಬೇಕು. ಆ ಲೆಕ್ಕ ನೋಡಿದರೆ ಎಲ್ಲಾ ಮುಗಿದ ಹಾಗೆ ಅನಿಸುತ್ತದೆ. ಮುಗಿದಿಲ್ಲ. ಮೊಮೆಂಟಂ ಪಾಲು 0.01ಕ್ಕಿಂತ ಕೆಳಗೆ ಗ್ಲುವಾನ್‌ಗಳು ಲೆಕ್ಕವಿಲ್ಲದಷ್ಟು ಇವೆ, ಅವುಗಳ ಸ್ಪಿನ್ ಬಗ್ಗೆ ಅಳತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿಂದ ದೊಡ್ಡ ಪ್ಲಸ್ಸೋ ಮೈನಸ್ಸೋ ಬಂದರೆ ನಿಮ್ಮ 0.15 ತಲೆಕೆಳಗು.

ಇನ್ನೊಂದು. ಜೆಟ್ ಅಳತೆಯಲ್ಲಿ ಎರಡು ಗ್ಲುವಾನ್ ಒಂದಕ್ಕೊಂದು ಹೊಡೆದಾಗ ಎರಡರ ಸ್ಪಿನ್ನೂ ಗುಣಿಸಿ ಬರುತ್ತದೆ. ಮೈನಸ್ ಇಂಟು ಮೈನಸ್ ಪ್ಲಸ್. ಅದಕ್ಕೇ 2022ರಲ್ಲಿ ಜ್ಯಾಮ್ ತಂಡ ಒಂದು ಪೂರ್ವನಂಬಿಕೆ ಕೈಬಿಟ್ಟು ನೋಡಿದಾಗ ಮೈನಸ್ ಉತ್ತರವೂ ಡೇಟಾಗೆ ಹೊಂದಿತು. ಆಮೇಲೆ ರಿಕ್‌ನ ಫೀನಿಕ್ಸ್ ತಂಡದ ನೇರ ಫೋಟಾನ್ (ಡಿಕ್ಕಿಯಿಂದ ನೇರವಾಗಿ ಹೊರಬರುವ ಫೋಟಾನ್) ಅಳತೆ ಮೈನಸ್‌ಗೆ ವಿರುದ್ಧವಾಗಿ ಬಂತು, ಸರಿ. ಆದರೆ ಚಾರ್ಮ್ ವಿಷಯದಲ್ಲಿ ಈ ತಾಪತ್ರಯವೇ ಇಲ್ಲ. ಅಲ್ಲಿ ಒಂದೇ ಗ್ಲುವಾನ್. ಪ್ಲಸ್ ಇದ್ದರೆ ಪ್ಲಸ್, ಮೈನಸ್ ಇದ್ದರೆ ಮೈನಸ್. ಆ ದಾರಿ ಇನ್ನೂ ಚೊಕ್ಕ ದಾರಿಯೇ.

ನಿಧಾನ_ಪಯಾನ್ · ಸಂಜೆ 7:41

ಒಪ್ಪಿದೆ. ಮೇಷ್ಟ್ರೇ, ಬೋರ್ಡಿನಲ್ಲಿ ಆ 0.15 ಪಕ್ಕ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಬಿಎಸ್ಸಿ_ಮೂರನೇವರ್ಷ · ರಾತ್ರಿ 8:15

ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಚಾರ್ಮ್ ಬಳಸಿ ಗ್ಲುವಾನ್ ಸ್ಪಿನ್ ಅಳೆಯುವ ಕೆಲಸ ಆಗಿದೆ ಅಂತ ಕೇಳಿದ್ದೆ. ರೋಹಿಣಿ ಗೋಡ್ಬೋಲೆ ಮೇಡಂ ಅವರದ್ದು.

ಚಾರ್ಮ್_ಚಂದ್ರಿ · ರಾತ್ರಿ 8:50

ಹತ್ತಿರದ ವಿಷಯ, ಅದೇ ಅಲ್ಲ. 2012ರಲ್ಲಿ ಅವರು ಮತ್ತು ಜೊತೆಗಾರರು ಜೆ-ಸೈ ಹುಟ್ಟುವುದನ್ನು ಲೆಕ್ಕ ಹಾಕಿದ್ದರು. ಜೆ-ಸೈ ಅಂದರೆ ಚಾರ್ಮ್ ಮತ್ತು ಆಂಟಿಚಾರ್ಮ್ ಒಟ್ಟಿಗೆ ಕಟ್ಟಿಕೊಂಡ ಜೋಡಿ. ಪ್ರೋಟಾನಿನ ಸ್ಪಿನ್ ಬೀಮಿಗೆ ಅಡ್ಡಡ್ಡ ಇಟ್ಟರೆ ಒಳಗಿನ ಗ್ಲುವಾನ್‌ಗಳು ಎಡಕ್ಕೆ ಹೆಚ್ಚು ವಾಲುತ್ತವೋ ಬಲಕ್ಕೋ, ಅದು ಅವರ ಪ್ರಶ್ನೆ. ಸಿವರ್ಸ್ ಪರಿಣಾಮ ಅನ್ನುತ್ತಾರೆ. ನಾವು ಇಲ್ಲಿ ಮಾತಾಡುತ್ತಿರುವುದು ಸ್ಪಿನ್ ಬೀಮಿನ ನೇರಕ್ಕೇ ಇಟ್ಟಾಗಿನ ಲೆಕ್ಕ. ಆದರೆ ಗ್ಲುವಾನ್ ನೋಡಲು ಚಾರ್ಮ್ ಕನ್ನಡಿ ಹಿಡಿಯುವ ಉಪಾಯ ಒಂದೇ.

ಅವರು 2024ರ ಅಕ್ಟೋಬರ್‌ನಲ್ಲಿ ತೀರಿಹೋದರು. ಅವರ ಒಂದು ಭಾಷಣ ಕೇಳಿದ್ದೆ, ಎಂಎಸ್ಸಿಯಲ್ಲಿದ್ದಾಗ. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಕೇಳಿದೆ, ಕೈಕಾಲು ನಡುಗುತ್ತಿತ್ತು. ಅವರು ಉತ್ತರ ಹೇಳಿ, ಹೊರಗೆ ಬಂದ ಮೇಲೆ ನನ್ನನ್ನು ಹುಡುಕಿ ಇನ್ನೂ ಹತ್ತು ನಿಮಿಷ ನಿಂತು ವಿವರಿಸಿದರು. ಕಾಫಿ ಆರಿಹೋಗಿತ್ತು. ನಾನು ಈ ದಾರಿಗೆ ಬಂದದ್ದರಲ್ಲಿ ಆ ಹತ್ತು ನಿಮಿಷದ ಪಾಲು ಜಾಸ್ತಿ ಇದೆ.

ಸ್ಕ್ಯಾನ್_ರೂಮ್ · ರಾತ್ರಿ 8:58

🙏

ಬಿಎಸ್ಸಿ_ಮೂರನೇವರ್ಷ · ರಾತ್ರಿ 9:10

ಮುಂದೆ ಏನು ಅಕ್ಕ? ನನ್ನಂಥವರಿಗೆ ಇದರಲ್ಲಿ ಜಾಗ ಇದೆಯಾ?

ಚಾರ್ಮ್_ಚಂದ್ರಿ · ರಾತ್ರಿ 9:35

ಖಂಡಿತ ಇದೆ. ರಿಕ್ ಇದ್ದ 3.8 ಕಿಲೋಮೀಟರ್ ಸುರಂಗದಲ್ಲೇ ಎಲೆಕ್ಟ್ರಾನ್-ಅಯಾನ್ ಕೊಲೈಡರ್ ಬರುತ್ತಿದೆ. ಜಾಗ ನಿಕ್ಕಿಯಾದದ್ದು 2020ರ ಜನವರಿಯಲ್ಲಿ. ಎಲೆಕ್ಟ್ರಾನ್ ಒಂದು ಕಡೆಯಿಂದ, ಪ್ರೋಟಾನ್ ಇನ್ನೊಂದು ಕಡೆಯಿಂದ, ಎರಡೂ ಸುಮಾರು 70% ಪೋಲರೈಸ್. ಗಟ್ಟಿ ಟಾರ್ಗೆಟ್ ಇಲ್ಲ, ಸುಮ್ಮನೆ ತೂಕ ಇಲ್ಲ. ನಿಧಾನಣ್ಣನ 0.16 ಅಲ್ಲಿ 0.49 ಆಗುತ್ತದೆ. ಡಿ-ಝೀರೋ ಒಡೆದ ಜಾಗವನ್ನು ಸಿಲಿಕಾನ್ ಪದರಗಳಿಂದ ನೇರ ನೋಡಬಹುದು, ನೀನು ಬೆಳಗ್ಗೆ ಕೇಳಿದ ಉಪಾಯವೇ. ಮೊಮೆಂಟಂ ಪಾಲು ಹತ್ತು ಸಾವಿರದಲ್ಲಿ ಒಂದು ಇರುವ ಕಡೆಗೂ ಹೋಗಬಹುದು. ಅಲ್ಲಿನ ಎಪಿಕ್ ಡಿಟೆಕ್ಟರ್ ತಂಡದಲ್ಲಿ ಭಾರತದ ಸಂಸ್ಥೆಗಳೂ ಇವೆ. ಕ್ವಾಂಟಂ ಮೆಕ್ಯಾನಿಕ್ಸ್ ಗಟ್ಟಿ ಮಾಡಿಕೋ, ಸಿ++ ಮತ್ತು ಪೈಥಾನ್ ಕಲಿ. ಡೇಟಾ ಬರುವ ಹೊತ್ತಿಗೆ ನಿನ್ನ ಪಿಎಚ್‌ಡಿ ವಯಸ್ಸು ದಾಟಿರಬಹುದು, ಆದರೆ ತಯಾರಿ ಕೆಲಸ ಈಗಲೇ ನಡೆಯುತ್ತಿದೆ.

ಪಿಯು_ಮೇಷ್ಟ್ರು · ಮಂಗಳವಾರ ಸಂಜೆ 4:50

ಪಾಠ ಮುಗಿಸಿ ಬಂದೆ. ಗ್ಲುವಾನಿಗೆ ಚಾರ್ಜ್ ಇಲ್ಲ ಅನ್ನುವುದರಿಂದ ಶುರು ಮಾಡಿದೆ. ಮಗು ಅಮ್ಮನಿಗಿಂತ ಭಾರ ಅಂದಾಗ ಇಡೀ ಕ್ಲಾಸು ನಕ್ಕಿತು, ಆಮೇಲೆ ಸುಮ್ಮನಾಗಿ ಕೇಳಿತು. ಜೇಬಲ್ಲಿ ಉಳಿದ 6 ರೂಪಾಯಿ ಎಲ್ಲರಿಗೂ ತಕ್ಷಣ ಹತ್ತಿತು. 0.8 × 0.5 × 0.4 ಅವರೇ ಗುಣಿಸಿದರು. ಕೊನೆಗೆ 0.15 ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಆ ಹುಡುಗಿ ಕೈ ಎತ್ತಿದಳು. "ಸರ್, ಚಾರ್ಮ್ ಭಾರ ಇದ್ದದ್ದಕ್ಕೆ ಅಷ್ಟು ಚೊಕ್ಕ ಅಂದರೆ, ಬಾಟಮ್ ಕ್ವಾರ್ಕ್ ಇನ್ನೂ ಭಾರ ಅಲ್ವಾ? ಅದನ್ನೇ ಯಾಕೆ ಬಳಸಲಿಲ್ಲ?" ಗಂಟೆ ಹೊಡೆಯಿತು. ಗುರುವಾರ ಹೇಳುತ್ತೇನೆ ಅಂದಿದ್ದೇನೆ.

ನಿಧಾನ_ಪಯಾನ್ · ಮಂಗಳವಾರ ಸಂಜೆ 5:04

ಬಾಟಮ್ 4.18 ಜಿಇವಿ. ಜೋಡಿ ಹುಟ್ಟಿಸಲು 8 ಜಿಇವಿ ದಾಟಬೇಕು. ಕಾಂಪಾಸ್‌ನ 160 ಜಿಇವಿ ಮ್ಯುವಾನ್ ನಿಂತಿರುವ ಟಾರ್ಗೆಟ್‌ಗೆ ಹೊಡೆದಾಗ ಡಿಕ್ಕಿಗೆ ನಿಜವಾಗಿ ಒದಗುವುದು ಒಟ್ಟು 17 ಜಿಇವಿ ಸುಮಾರು, ಅದರಲ್ಲೂ ಗ್ಲುವಾನಿನ ಕೈಗೆ ಬರುವುದು ಒಂದು ಪಾಲು ಮಾತ್ರ. ಹಾಗಾಗಿ ಬಾಟಮ್ ಹುಟ್ಟುವುದೇ ಅಪರೂಪ. 17 ಹೇಗೆ ಬಂತು ಅಂತ ಅವಳಿಗೇ ಲೆಕ್ಕ ಹಾಕಲು ಕೊಡಿ ಸರ್: 2 × 0.938 × 160, ಅದರ ವರ್ಗಮೂಲ.